ಅಪ್ಪ ಒಡೆದ ಮಡಕೆಗಳು

ನಾವು ಚಿಕ್ಕವರಿದ್ದಾಗ ಮಣ್ಣಿನೊಳಗಿಂದ ಹಳೇ ಮಡಕೆ ಬಂತೆಂದರೆ ಸಾಕು, ಒಳಗೆ ನಿಧಿ ಇದ್ದೇ ಇರುತ್ತದೆ ಎಂಬುದರಲ್ಲಿ ಗೋಣಿಬೀಡಿನ ಸುತ್ತಮುತ್ತ ಯಾರಿಗೂ ಅನುಮಾನವಿರಲಿಲ್ಲ. ಇವತ್ತು ನಾನು ಅಂಥ ಮಡಕೆಗಳನ್ನು ಓದುವುದನ್ನೇ ಕಸುಬು ಮಾಡಿಕೊಂಡ ಪುರಾತತ್ವದವಳು. ಆ ಬೇಸಿಗೆ ನೆನಪಾದರೆ ಈಗಲೂ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತದೆ.

ಹೂಮಳೆ ಬಿದ್ದು, ಕಾಫಿ ಹೂವಿನ ಘಮ ತೋಟದಲ್ಲಿ ಇನ್ನೂ ಸುಳಿಯುತ್ತಿತ್ತು. ನಮ್ಮದು ಸಣ್ಣ ತೋಟ. ಮೇಲಿನ ಗುಡ್ಡದಲ್ಲಿ ಹೊಸ ಗಿಡ ಹಾಕಲು ಅಪ್ಪ ಗುಂಡಿ ತೆಗೆಸುತ್ತಿದ್ದ. ಒಂದು ಕಡೆ ಗುದ್ದಲಿ ಠಣ್ ಎಂದಿತು. ಕಲ್ಲುಚಪ್ಪಡಿ ಸರಿಸಿದರೆ ಕೆಳಗೊಂದು ಮಡಕೆ. ಒಳಮೈ ಮತ್ತು ಬಾಯಿಯ ಸುತ್ತ ಕಪ್ಪು, ಹೊರಮೈ ಕೆಂಪು, ನುಣ್ಣಗೆ ಹೊಳೆಯುತ್ತಿತ್ತು. ಅಪ್ಪ ಮಗುಚಿದ. ಬೂದಿ ಮತ್ತು ಎಲುಬಿನ ಚೂರು ಬಿದ್ದವು, ಅಷ್ಟೆ.

ಊರ ಬಾಯಿಗೆ ಬೀಗ ಹಾಕಲಾದೀತೇ? ಅವನಿಗೆ ಚಿನ್ನ ಸಿಕ್ಕಿದೆ, ಅಡಗಿಸಿಟ್ಟಿದ್ದಾನೆ ಎಂದು ಸಂಜೆಯೊಳಗೆ ಸುದ್ದಿ. ಬೆಲ್ಲ ತರಲು ಅಂಗಡಿಗೆ ಹೋದ ನನ್ನನ್ನೇ ಕೇಳಿದರು, ಅಮ್ಮನಿಗೆ ಸರ ಯಾವಾಗ ಮಾಡಿಸ್ತಾರೆ ಎಂದು. ಅಳುತ್ತಾ ಬಂದು ಹೇಳಿದೆ. ಹಲಸಿನಕಾಯಿ ಹೆಚ್ಚುತ್ತಿದ್ದ ಅಪ್ಪ ಕತ್ತಿ ಕೆಳಗಿಟ್ಟು ಎಣ್ಣೆಕೈ ಒರೆಸಿಕೊಂಡ. ಇನ್ನೊಬ್ಬರ ತೋಟದ ಒಂದು ಮೆಣಸಿನ ಕಾಳು ಮುಟ್ಟಿದವನಲ್ಲ ಅವನು.

ಮರುದಿನ ಊರವರನ್ನು ಅವನೇ ಗುಡ್ಡಕ್ಕೆ ಕರೆದ. ಹಿರಿಯರೊಬ್ಬರಿಗೆ ಕುರ್ಚಿಯನ್ನೂ ಹೊರಿಸಿಕೊಂಡು ಬಂದ. ಅಂಥದೇ ಚಪ್ಪಡಿಗಳು ಅಲ್ಲಿ ಇನ್ನೂ ಇದ್ದವು. ಒಂದೊಂದನ್ನೂ ಅವರ ಕಣ್ಣೆದುರೇ ತೆಗೆಸಿ, ಒಳಗಿದ್ದ ಮಡಕೆಯನ್ನು ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಕಲ್ಲಿಗೆ ಬಡಿದ.

"ನೋಡ್ಕಳಿ. ಇನ್ಮೇಲೆ ನನ್ ಮಗಳನ್ನ ಯಾರೂ ಕೇಳ್‌ಬಾರ್ದು," ಅಂದ.

ಮಧ್ಯಾಹ್ನದ ಹೊತ್ತಿಗೆ ಒಂದೂ ಉಳಿಯಲಿಲ್ಲ. ಜನ ಪೆಚ್ಚುಮೋರೆ ಹಾಕಿಕೊಂಡು ಎದ್ದುಹೋದರು. ನನಗೋ ಖುಷಿಯೋ ಖುಷಿ, ಅಪ್ಪ ಗೆದ್ದನಲ್ಲ! ನುಣುಪಾದ ಚೂರುಗಳನ್ನು ನಾವು ಮಕ್ಕಳು ಕುಂಟೆಬಿಲ್ಲೆ ಆಡಲು ಆರಿಸಿಕೊಂಡೆವು. ಉಳಿದವು ಗೊಬ್ಬರದ ಜೊತೆ ಗಿಡದ ಗುಂಡಿ ಸೇರಿದವು.

ಅವು ಸಾವಿರಾರು ವರ್ಷಗಳ ಹಿಂದೆ, ಸತ್ತವರಿಗಾಗಿ ಮನೆಯವರು ಇಟ್ಟ ಮಡಕೆಗಳೆಂದು ತಿಳಿದದ್ದು ಓದಿ ಈ ಕೆಲಸಕ್ಕೆ ಬಿದ್ದ ಮೇಲೆ. ಯಾವುದರಲ್ಲಿ ಏನಿತ್ತು, ಯಾವುದರ ಪಕ್ಕ ಯಾವುದಿತ್ತು ಎಂಬುದರಲ್ಲೇ ಆ ಜನರ ಕಥೆಯೆಲ್ಲ ಇರುತ್ತದೆ. ನಿಧಿಯ ಆಸೆಗೆ ಗೋರಿ ಅಗೆದವರನ್ನು ವೇದಿಕೆ ಹತ್ತಿ ಬೈದವಳು ನಾನು. ನಮ್ಮ ಗುಡ್ಡದ ವಿಷಯ ಬಂದರೆ ಮಾತ್ರ ನಾಲಿಗೆ ಏಳುವುದಿಲ್ಲ.

ಹೋದ ವರ್ಷ ಅಪ್ಪ ನಾನು ಕೆಲಸ ಮಾಡುವ ಜಾಗ ನೋಡಲು ಬಂದಿದ್ದ. ಮೇಜಿನ ಮೇಲೆ ಬೇರೆ ಊರಿನ ಅಂಥದೇ ಮಡಕೆಯೊಂದನ್ನು ಚೂರು ಚೂರೇ ಅಂಟಿಸಿ ಅರ್ಧಕ್ಕೆ ತಂದಿದ್ದೆ. ಅವನಿಗೇ ಗುರುತು ಸಿಕ್ಕಿತು. ಬಗ್ಗಿ, ಅಂಟಿಸಿದ ಗೆರೆಗಳನ್ನು ನೋಡಿದ.

"ನಮ್ ಗುಡ್ಡದ್ದೂ ಹಿಂಗೆ ಕೂರ್ಸಕ್ಕೆ ಆಗ್ತದಾ?"

"ಆಗಲ್ಲಪ್ಪ. ಎಲ್ಲ ಗಿಡದ ಬುಡಕ್ಕೆ ಹೋಯ್ತಲ್ಲ."

"ಕಳ್ಳ ಅಂತ ಅನ್ನಿಸ್ಕಂಡು ಸುಮ್ನಿದ್ದಿದ್ರೇ ಆಗ್ತಿತ್ತು ಮಗಾ."

ಇಷ್ಟು ವರ್ಷ ಅಪ್ಪನ ಬಗ್ಗೆ ನಾಚಿಕೆಪಟ್ಟೆ. ಅಪ್ಪ ಒಡೆದದ್ದು ನನ್ನ ಕಣ್ಣೀರು ನೋಡಲಾರದೆ. ಆ ಗುಡ್ಡದ್ದೆಂದು ಈಗ ಉಳಿದಿರುವುದು ಆಡಿ ಆಡಿ ಅಂಚು ಸವೆದ ಒಂದೇ ಒಂದು ಬಿಲ್ಲೆ. ಅಲ್ಲಿ ಬಾಳಿದವರ ಬಗ್ಗೆ ಅದು ಏನನ್ನೂ ಹೇಳಲಾರದು. ಡ್ರಾಯರಿನಿಂದ ತೆಗೆದು, ಹಿಡಿಯಪ್ಪ ಎಂದು ನೀಡಿದೆ.

ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.