ಆಂಬೋಲಿಯಲ್ಲಿ ಆಯಿ ಕೇಳಿದ್ದು

ಮಳೆಯಲ್ಲಿ ನೆನೆದ ತಾಡಪತ್ರಿ ಮತ್ತು ಡೀಸೆಲ್ ಬೆರೆತ ವಾಸನೆ ಎಲ್ಲೇ ಬಂದರೂ ನನಗೆ ಬೈಲಹೊಂಗಲದ ನಮ್ಮ ಹಳೆಯ ಮನೆಯ ಮುಂದೆ ನಸುಕಿನಲ್ಲಿ ಬಂದು ನಿಂತ ಬಾಡಿಗೆ ಟ್ರ್ಯಾಕ್ಸ್ ಜೀಪು ನೆನಪಾಗುತ್ತದೆ. ತೊಂಬತ್ತರ ದಶಕದ ನಡುವಿನ ಒಂದು ಶ್ರಾವಣ. ನನಗೆ ಹತ್ತು ವರ್ಷ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಮ್ಮನ್ನು ಹೆಜ್ಜೆ ಸಪ್ಪಳದಿಂದ ಗುರುತಿಸುತ್ತಿದ್ದಳು, ಮೊರದಲ್ಲಿನ ಜೋಳದೊಳಗಿನ ಹರಳನ್ನು ಬೆರಳಿನಿಂದ ಹುಡುಕುತ್ತಿದ್ದಳು. ಇನ್ನು ತಡಮಾಡಿದರೆ ಉಪಯೋಗವಿಲ್ಲ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರೂ ಆಪರೇಷನ್ನಿಗೆ ಒಪ್ಪಿರಲಿಲ್ಲ. ಹೆದರಿಕೆಯೆಂದಲ್ಲ. "ಹೊಲಾ ನೋಡೀನಿ, ಎತ್ತು ನೋಡೀನಿ, ನಿಮ್ಮ ಮಾರಿ ಎಲ್ಲಾ ನೋಡೀನಿ. ಇನ್ನೇನ ಉಳದೈತಿ ನೋಡಾಕ?" ಎನ್ನುತ್ತಿದ್ದಳು. ಇದಕ್ಕೆ ಉತ್ತರ ಕೊಡಲೆಂದೇ ನಮ್ಮ ಕಾಕಾ ಘಟ್ಟದ ಅಂಚಿನ ಮಳೆಯೂರು ಆಂಬೋಲಿಗೆ ಒಂದು ದಿನದ ಪ್ರವಾಸ ಗೊತ್ತುಮಾಡಿದ್ದ. ಆಯಿಗೆ ದೊಡ್ಡ ವಸ್ತುಗಳು ಮಸುಕಾಗಿ ಕಾಣುತ್ತಿದ್ದವು. ಬೆಟ್ಟದ ಮಸುಕು ಕಂಡರೆ ಪೂರ್ತಿ ನೋಡುವ ಆಸೆ ಹುಟ್ಟೀತು ಎಂಬುದು ಅವನ ಲೆಕ್ಕ.

ಕಾಕಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನದ ಬುತ್ತಿ ಕಟ್ಟಿದಳು. ಜೊತೆಗೆ ಎರಡು ತಾಮ್ರದ ಕೊಡದ ತುಂಬ ನೀರು. ಆ ಊರಲ್ಲಿ ಮುಗಿಲಿಗೇ ತೂತು ಬಿದ್ದಿದೆ, ನೀರು ಯಾಕೆ ಎಂದು ನೇಸರಗಿಯ ಡ್ರೈವರ್ ನಕ್ಕ. ಆಯಿ ಕೊಡ ಇಳಿಸಲು ಬಿಡಲಿಲ್ಲ. ಬೆಳಗಾವಿ ದಾಟುವವರೆಗೆ ಕಪ್ಪು ಹೊಲ, ಬಲಿತ ಹೆಸರಿನ ಕಾಯಿ, ನಮಗೆ ಗೊತ್ತಿದ್ದ ಲೋಕವೇ. ಆಮೇಲೆ ಮರಗಳು ಎರಡೂ ಕಡೆಯಿಂದ ರಸ್ತೆಯನ್ನು ಮುಚ್ಚಿದವು. ನಮ್ಮ ಕಡೆ ನೀರೆಂದರೆ ಕೆಳಗಿನಿಂದ ಸೇದುವ ವಸ್ತು. ಇಲ್ಲಿ ಅದು ಕಲ್ಲಿನ ಮೇಲಿಂದ ತಾನಾಗಿ ಬೀಳುತ್ತಿತ್ತು, ರಸ್ತೆಯನ್ನು ದಾಟಿ, ಯಾರಿಗೂ ಬೇಡವಾಗಿ ಹರಿದು ಹೋಗುತ್ತಿತ್ತು. ಕಾಕಿ ಹೊರಗೆ ಕೈ ಚಾಚಿ ಹಿಡಿದು, ತನ್ನ ಕೊಡಗಳ ಕಡೆಗೆ ಒಮ್ಮೆ ನೋಡಿದಳು.

ಕಣಿವೆಯ ಅಂಚಿನ ಕಬ್ಬಿಣದ ಕಟಾಂಜನ ಹಿಡಿದು ನಿಂತಾಗ ಎದುರಿಗೆ ಏನೂ ಇರಲಿಲ್ಲ. ಮೋಡ ಕಣಿವೆಯನ್ನು ಮುಚ್ಚಿ ನಮ್ಮ ಕಾಲಿನವರೆಗೆ ಬಂದಿತ್ತು. ಏನು ಕಾಣುತ್ತದೆ ಹೇಳಿರಿ ಎಂದು ಆಯಿ ಕೇಳಿದಳು.

"ಏನೂ ಕಾಣವಲ್ದು ಆಯಿ," ಎಂದೆ ನಾನು. "ಬರೇ ಬೆಳ್ಳಗ ಐತಿ."

"ನನಗೂ ಹಂಗ ಐತಿ," ಎಂದು ಆಯಿ ನಕ್ಕಳು. "ಹಂಗಾರ ಎಲ್ಲಾರೂ ಕೂಡೇ ಆಪರೇಷನ್ ಮಾಡಸೂನು ಬರ್ರಿ."

ಅಪ್ಪನೂ ನಕ್ಕ. ಕಾಕಾ ಮಾತ್ರ ಒದ್ದೆ ಕೂದಲು ಒರೆಸಿಕೊಳ್ಳುತ್ತ ಮುಖ ತಿರುಗಿಸಿಕೊಂಡ.

ಊಟಕ್ಕೆ ಬುತ್ತಿ ಬಿಚ್ಚಿದರು. ಬಯಲಿನಲ್ಲಿ ಉಣ್ಣುವಾಗ ಮೊದಲು ಭೂಮಿಗೆ ಅದರ ಪಾಲಿನ ಚರಗ ಚೆಲ್ಲದೆ ಆಯಿ ತುತ್ತು ಎತ್ತುತ್ತಿರಲಿಲ್ಲ. ಎಳ್ಳಮವಾಸ್ಯೆಗೆ ಹೊಲದಲ್ಲಿ ಮಾಡುವಂತೆಯೇ ಮುರಿದ ರೊಟ್ಟಿ, ಅನ್ನ ಕೈತುಂಬ ಹಿಡಿದು, ಕಾಕಾನ ರಟ್ಟೆ ಆಧಾರವಾಗಿಟ್ಟುಕೊಂಡು ಕಟಾಂಜನದಾಚೆ ಚೆಲ್ಲಿದಳು. ಕೆಳಗೆ ಹೋದ ಅನ್ನ ಮರಳಿ ಮೇಲೆ ಬಂತು. ಗಾಳಿ ಅದನ್ನು ತಂದು ಅವಳ ಸೆರಗಿಗೆ, ಮುಖಕ್ಕೆ ಹಚ್ಚಿತು. ಮತ್ತೊಮ್ಮೆ ಚೆಲ್ಲಿದಳು. ಮತ್ತೆ ಬಂತು. ಕಾಕಿ ಗಾಬರಿಯಿಂದ ಪಕ್ಕದಲ್ಲಿದ್ದ ನನ್ನ ಅವ್ವನ ಕೈ ಹಿಡಿದಳು. ಚರಗ ತಿರುಗಿ ಬರುವುದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆಯಿ ಎರಡೂ ಅಂಗೈ ಮುಂದಕ್ಕೆ ಚಾಚಿ, ಆ ಗಾಳಿಯನ್ನು ಬಹಳ ಹೊತ್ತು ಮುಟ್ಟಿ ನೋಡಿದಳು.

"ಇದು ಎಲ್ಲಿಂದ ಬರಾಕತ್ತೈತೋ ತಮ್ಮಾ?"

"ತಳದಾಗಿಂದ, ಯವ್ವಾ. ಕೆಳಗ ಕೊಂಕಣ ಐತಿ."

"ಎಷ್ಟ ಕೆಳಗ?"

"ನನಗೂ ಗೊತ್ತಿಲ್ಲ," ಎಂದ ಕಾಕಾ.

ಆಯಿ ಮುಖಕ್ಕೆ ಹತ್ತಿದ ಅಗುಳು ಒರೆಸಿಕೊಳ್ಳಲಿಲ್ಲ. "ಚರಗ ಇಸಕೊಳ್ಳದ ಜಾಗಾನೂ ಐತಿ ಅಂದಂಗಾತು. ಇದನ್ನ ನೋಡಬೇಕು ನಾ. ಕಣ್ಣ ಮಾಡಸ್ರಿ. ಆದ್ರ ಮುಗಲ ತಿಳಿ ಇದ್ದಾಗ ಹೊಳ್ಳಿ ಕರಕೊಂಡ ಬರಬೇಕ ನೋಡ."

ಕಾಕಾ ಅವಳ ಕೈ ಮುಟ್ಟಿ ಮಾತು ಕೊಟ್ಟ.

ದೀಪಾವಳಿಯ ನಂತರ ಆಪರೇಷನ್ ಆಯಿತು, ಕಣ್ಣು ಬಂದವು. ಮರುವರ್ಷ ಅಕ್ಕನ ಮದುವೆ. ಅದರ ಮರುವರ್ಷ ಘಾಟಿನ ರಸ್ತೆ ಕುಸಿದಿತ್ತು. ಆಮೇಲೆ ಕಾಕಾ ಹಾಸಿಗೆ ಹಿಡಿದ. ಪ್ರತಿ ಕಾರಣವೂ ನಿಜವಾದದ್ದೇ. ಆಯಿ ದೂರಲಿಲ್ಲ. ಪ್ರತಿ ವರ್ಷ ಮಳೆ ನಿಂತ ಮೇಲೆ ಒಂದು ಸಲ, ಆ ಕಡೆ ಮುಗಿಲು ತಿಳಿಯಾಗಿರಬಹುದೇ ಎಂದು ಕೇಳುತ್ತಿದ್ದಳು. ಎರಡು ಸಾವಿರದ ಇಸವಿಯ ನಂತರದ ಒಂದು ಬೇಸಿಗೆಯಲ್ಲಿ ಆಯಿ ಹೋದಳು. ಆ ಮನೆಯೂ ಈಗಿಲ್ಲ. ಅದರ ಜಾಗದಲ್ಲಿ ಸಾಲು ಅಂಗಡಿಗಳಿವೆ.

ಆಯಿ ಹೋದ ಕೆಲವು ವರ್ಷಗಳ ನಂತರ, ಒಂದು ಚಳಿಗಾಲದ ಮಧ್ಯಾಹ್ನ ನಾನೊಬ್ಬಳೇ ಆಂಬೋಲಿಗೆ ಹೋದೆ. ಮೋಡವಿರಲಿಲ್ಲ. ಬಂಡೆಯ ಗೋಡೆ ನೇರ ಕೆಳಗೆ ಇಳಿದು, ಕಾಡಾಗಿ, ಕಾಡು ಬಯಲಾಗಿ, ಬಯಲಿನಲ್ಲಿ ಕೆಂಪು ಹೆಂಚುಗಳು, ಹೊಳೆಯುವ ಒಂದು ಎಳೆ ಹೊಳೆ. ಎಲ್ಲಕ್ಕೂ ಆಚೆ ಒಂದು ಗೆರೆ, ಸಮುದ್ರವೋ ಆಕಾಶವೋ ತಿಳಿಯಲಿಲ್ಲ. ಬಿಸಿಲು ಇಳಿಯುವವರೆಗೆ ನಿಂತೆ. ಅವಳ ಪಾಲಿನದನ್ನೂ ನೋಡಬೇಕಿತ್ತು. ಎರಡು ಕಣ್ಣಿಗೆ ಅದು ಹೆಚ್ಚಾಯಿತು.