ಹೊಳೆಯಬಾರದಿದ್ದ ಹದಿನೆಂಟು ತುಂಡು

ಯಶವಂತಪುರದ ನಮ್ಮ ಚಿಕ್ಕ ವರ್ಕ್‌ಶಾಪಿನಲ್ಲಿ ಯಜಮಾನರ ಕಾಲದಿಂದಲೂ ಒಂದು ರೂಢಿ: ಮೈ ಒರಟಾದ ಒಂದು ಲೋಹದ ತುಂಡೂ ಗೇಟು ದಾಟಬಾರದು. ಅವರು ತೀರಿಕೊಂಡಮೇಲೆ ಶಾಪ್ ನಡೆಸುತ್ತಿರುವ ಹೆಂಡತಿ ನಾನೂ ಅದನ್ನು ಬಿಟ್ಟಿಲ್ಲ. ಪಾಪ, ಎಷ್ಟು ಪರ್ಟಿಕ್ಯುಲರ್ ಆಗಿದ್ದರು.

ಹೋದ ವರ್ಷ ಯಲಹಂಕದ ಕಡೆಯ ಎಂಜಿನಿಯರಿಂಗ್ ಕಾಲೇಜೊಂದು ಜೊತೆಯಾಗಿ ರಿಸರ್ಚ್ ಮಾಡೋಣ ಎಂದಿತು. ಲೋಹದ ಪುಡಿಯನ್ನು ಲೇಸರಿನಲ್ಲಿ ಕರಗಿಸಿ, ಪದರದ ಮೇಲೆ ಪದರ ಕೂಡಿಸಿ ತುಂಡು ಬೆಳೆಸುವ ಮೆಷಿನ್ ಅವರದು. ಅದನ್ನು ಹದವಾಗಿ ಕಾಯಿಸುವ ಫರ್ನೆಸ್ ನಮ್ಮದು. ಆ ತುಂಡುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಕಾಲೇಜಿನ ಹುಡುಗಿಗೆ ಅದು ಕೊನೆಯ ವರ್ಷ. ಹದಿನೆಂಟೇ ತುಂಡು. ಕೆಟ್ಟರೆ ಮತ್ತೆ ಮಾಡಿಸಲು ಆ ಮೆಷಿನ್ನಿನಲ್ಲಿ ಅವಳಿಗೆ ಸರದಿ ಇರಲಿಲ್ಲ.

ಮೀಟಿಂಗೋ ಮೀಟಿಂಗು. ಹೆಬ್ಬಾಳದ ಫ್ಲೈಓವರ್ ಮೇಲೆ ಒಂದು ಗಂಟೆ, ಅವರ ಎ.ಸಿ. ರೂಮಿನಲ್ಲಿ ಇನ್ನೊಂದು. ಮಾತೆಲ್ಲ ಇಂಗ್ಲಿಷ್. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷ್ ಇದೆಯಲ್ಲ ಎಂದು ನಾನೇ ಹೋಗುತ್ತಿದ್ದೆ, ಸ್ವಲ್ಪ ಜಂಬದಿಂದಲೇ. ತುಂಡಿನ ಒರಟು ಮೈಯಿಂದ ಬಿರುಕು ಹೇಗೆ ಹುಟ್ಟುತ್ತದೆ ಎಂಬುದೇ ಅವಳ ಸಂಶೋಧನೆ. ಆ ಮೈಯನ್ನು ಉಜ್ಜಬಾರದು ಎಂದು ಮೀಟಿಂಗಿನ ಮಿನಿಟ್ಸ್‌ನಲ್ಲಿ ಬರೆದಿತ್ತು. ನೀಟಾಗಿ ಸೈನ್ ಮಾಡಿ ಫೈಲಿಗೆ ಹಾಕಿದೆ. ಫೋರ್‌ಮನ್ನಿಗೆ ಎಷ್ಟು ಡಿಗ್ರಿ, ಎಷ್ಟು ಗಂಟೆ ಎಂದಷ್ಟೇ ಹೇಳಿದೆ.

ತಣಿಸಂದ್ರದ ಹಳೇ ಊರಿನ ಆತ ನಲವತ್ತು ವರ್ಷದಿಂದ ನಮ್ಮಲ್ಲಿದ್ದಾನೆ. ಫರ್ನೆಸ್ಸಿನಿಂದ ತೆಗೆದಮೇಲೆ ಎರಡು ದಿನ ಕೂತು, ಹದಿನೆಂಟನ್ನೂ ಕನ್ನಡಿಯಂತೆ ಪಾಲಿಶ್ ಮಾಡಿ, ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ.

ಹುಡುಗಿ ಬಂದು ಬಟ್ಟೆ ಬಿಚ್ಚಿದಳು. ಒಂದೊಂದನ್ನೇ ತಿರುಗಿಸಿ ನೋಡಿದಳು. “ಮ್ಯಾಮ್, ನಾನು ಟೆಸ್ಟ್ ಮಾಡ್ಬೇಕಾಗಿದ್ದ ಒರಟು ಮೈನೇ ಈಗ ಇದರ ಮೇಲೆ ಇಲ್ಲ,” ಎಂದಳು.

ಫೋರ್‌ಮನ್ ನನ್ನ ಮುಖ ನೋಡಿದ. “ಒರಟಾಗಿ ಇಂಗೇ ಕಳಿಸಿದ್ರೆ ಯಜಮಾನ್ರಿಗೆ ಅವಮಾನ ಅಂತ ಮಾಡ್ದೆ ಕಣಮ್ಮ. ಬ್ಯಾಡ ಅಂತ ಒಂದ್ ಮಾತ್ ಯಾರೂ ಏಳ್ಲಿಲ್ವಲ್ಲ.”

ಹೇಳಬೇಕಾಗಿದ್ದವಳು ನಾನು. ಅಷ್ಟು ಮೀಟಿಂಗಿಗೆ ಆತನನ್ನು ಒಮ್ಮೆಯಾದರೂ ಕರೆಯಬೇಕೆಂದು ಕಾಲೇಜಿನವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಕಾಲೇಜಿನವರು ರಿಪೋರ್ಟಿನಲ್ಲಿ, ತುಂಡು ಕೆಟ್ಟಿದ್ದಕ್ಕೆ ಕಾರಣ ಕಾರ್ಮಿಕರ ಅಜ್ಞಾನ ಎಂದು ಬರೆದರು. ತಪ್ಪು ನನ್ನದು ಎಂದು ಎರಡು ಸಲ ಮೇಲ್ ಮಾಡಿದೆ. ‘ನೋಟೆಡ್’ ಎಂದು ಉತ್ತರ ಬಂತು, ರಿಪೋರ್ಟಿನ ಆ ಸಾಲು ಹಾಗೇ ಉಳಿಯಿತು. ಹುಡುಗಿ ಇನ್ನೂ ಮೆಷಿನ್ನಿನ ಸರದಿಗೆ ಕಾಯುತ್ತಿದ್ದಾಳೆ; ಒಂದು ವರ್ಷ ಹೋಯಿತು. ಫೋರ್‌ಮನ್ ಈಗ ನಮ್ಮದೇ ಗೇಟಿನ ಚಿಲಕ ರಿಪೇರಿ ಮಾಡಿದರೂ ತಂದು ನನ್ನ ಮೇಜಿನ ಮೇಲಿಡುತ್ತಾನೆ.

“ಪಾಲಿಶ್ ಮಾಡ್ಲಾ, ಬ್ಯಾಡ್ವಾ? ಈಗ್ಲೇ ಏಳ್ಬುಡಿ.”