ಗಡಿಯಾರದ ಮುಂದೆ ನಾನು ಕೂತಿದ್ದ ಫೈನಲ್

ಬಾಸ್ಕೆಟ್‌ಬಾಲ್ ಅಂಗಣದ ಪಕ್ಕ ಒಂದು ಉದ್ದನೆಯ ಮೇಜು ಇರುತ್ತದೆ. ಅಲ್ಲಿ ಕೂತವರನ್ನು ಯಾರೂ ನೋಡುವುದಿಲ್ಲ. ಒಬ್ಬರು ಅಂಕ ಬರೆಯುತ್ತಾರೆ, ಒಬ್ಬರು ಗಡಿಯಾರ ನಡೆಸುತ್ತಾರೆ. ಪುಣೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಗಡಿಯಾರ ನಡೆಸಿದೆ. ಸೀಟಿ ಕೇಳಿದರೆ ನಿಲ್ಲಿಸಬೇಕು, ಆಟ ಶುರುವಾದರೆ ಗುಂಡಿ ಒತ್ತಿ ಓಡಿಸಬೇಕು. ಕೆಲಸ ಇಷ್ಟೇ. ಮದುವೆಯಾಗಿ ಧಾರವಾಡದಿಂದ ಬಂದವಳು, ಇಲ್ಲಿಯ ಒಂದು ಶಾಲೆಯಲ್ಲಿ ಆಟ ಕಲಿಸುವ ಬಾಯಿ, ಅಂದರೆ ಟೀಚರ್, ಆದೆ. ರಜೆಯ ದಿನಗಳು ಈ ಮೇಜಿನ ಹಿಂದೆಯೇ ಕಳೆದವು.

ಆ ವರ್ಷ ಆರು ದೇಶಗಳ ಮಹಿಳಾ ತಂಡಗಳು ನಮ್ಮ ಊರಿಗೆ ಬಂದಿದ್ದವು. ಐದು ದಿನದ ಪಂದ್ಯಾವಳಿ. ಕಾತ್ರಜದ ಮನೆಯಿಂದ ಬೆಳಿಗ್ಗೆ ಹೊರಟು ಎರಡು ಬಸ್ಸು ಬದಲಿಸಿ ಊರಿನ ಇನ್ನೊಂದು ತುದಿಯ ಕ್ರೀಡಾಂಗಣ ಸೇರಬೇಕಿತ್ತು. ದಿನಕ್ಕೆ ಮೂರು ಪಂದ್ಯ. ಮೂರನೆಯ ದಿನಕ್ಕೇ ನನ್ನ ಮಂಡಿ ಹಿಡಿದುಕೊಂಡಿತ್ತು, ಕಣ್ಣು ಉರಿಯುತ್ತಿತ್ತು. ಫೈನಲ್‌ಗೆ ಬೇರೆಯವರನ್ನು ಕೂರಿಸಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೇಳದಿರಲು ಕಾರಣ ನಮ್ಮ ತಂಡದಲ್ಲಿದ್ದ ಒಬ್ಬ ಹುಡುಗಿ.

ಅವಳು ನನ್ನ ವಿದ್ಯಾರ್ಥಿನಿ. ಯಾದಗಿರಿ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆ ಬಂದವರ ಮಗಳು. ಕಟ್ಟುತ್ತಿದ್ದ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಿಂದ ಶಾಲೆಗೆ ಬರುತ್ತಿದ್ದಳು. ಆರನೆಯ ತರಗತಿಗೆ ಸೇರಿದ ಮೊದಲ ವಾರ ಯಾರ ಜೊತೆಗೂ ಮಾತಾಡಿರಲಿಲ್ಲ, ಮರಾಠಿ ಬರುತ್ತಿರಲಿಲ್ಲ. ಒಂದು ದಿನ ಕವಾಯತು ಮಾಡಿಸುವಾಗ ನಾನು ಮರೆತು ಕನ್ನಡದಲ್ಲಿ ಒಂದು, ಎರಡು, ಮೂರು ಎಂದು ಎಣಿಸಿದೆ. ಸಾಲಿನ ಕೊನೆಯಲ್ಲಿ ಅವಳು ನಕ್ಕಳು. ಉದ್ದನೆಯ ಕೈ, ಚೂಪು ಕಣ್ಣು. ಚೆಂಡು ಕೈಗೆ ಕೊಟ್ಟೆ. ಹತ್ತು ವರ್ಷದ ನಂತರ ಅವಳು ವಿದೇಶಿ ತಂಡಗಳ ಎದುರು ಆಡುತ್ತಿದ್ದಳು. ಆ ಪಂದ್ಯಾವಳಿಯಲ್ಲಿ ಚೆನ್ನಾಗಿ ಆಡಿದರೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಗಬಹುದು ಎಂಬ ಮಾತಿತ್ತು. ನಾನು ಫೈನಲ್ ನೋಡಲೇಬೇಕಿತ್ತು, ನೋಡಲು ನನಗಿದ್ದ ಜಾಗ ಆ ಮೇಜು.

ಸಂಜೆ ನಾಲ್ಕಕ್ಕೆ ಪಂದ್ಯ. ಎದುರಿನ ತಂಡದವರು ಎತ್ತರದ ಶಾಂತ ಹೆಣ್ಣುಮಕ್ಕಳು. ಕೊನೆಯವರೆಗೂ ಸರಿಸಮ ನಡೆದು, ಎರಡು ಸೆಕೆಂಡು ಚಿಲ್ಲರೆ ಉಳಿದಾಗ ಅವರು ಎರಡು ಅಂಕ ಮುಂದಿದ್ದರು. ಚೆಂಡು ಗೆರೆಯ ಆಚೆ ಹೋಗಿ ನಮಗೆ ಸಿಕ್ಕಿತು. ಗೆರೆಯ ಹೊರಗಿನಿಂದ ನಮ್ಮವರು ಎಸೆಯಬೇಕು, ಒಳಗೆ ಯಾರಾದರೂ ಅದನ್ನು ಮುಟ್ಟಿದ ಕ್ಷಣ ನಾನು ಗಡಿಯಾರ ಓಡಿಸಬೇಕು. ಆ ಕ್ಷಣ, ಮೊದಲೂ ಅಲ್ಲ, ನಂತರವೂ ಅಲ್ಲ.

ಅವಳು ಇಬ್ಬರನ್ನು ತಪ್ಪಿಸಿಕೊಂಡು ಮೂಲೆಗೆ ಓಡಿದಳು. ಚೆಂಡು ಅವಳ ಕಡೆ ಬಂತು. ನಾನು ಚೆಂಡನ್ನು ನೋಡಬೇಕಿತ್ತು, ಅವಳ ಕಾಲು ನೋಡಿದೆ. ಮೂಲೆಯಲ್ಲಿ ಹೆಜ್ಜೆ ಗೆರೆ ತುಳಿಯುವ ದುರಭ್ಯಾಸ ಅವಳಿಗೆ ಹುಡುಗಿಯಾಗಿದ್ದಾಗಿನಿಂದ ಇತ್ತು, ಎಷ್ಟು ಬೈದಿದ್ದೆ. ಕಾಲು ಒಳಗೇ ಇತ್ತು. ಸಮಾಧಾನವಾಯಿತು. ಆಗ ಗುಂಡಿ ಒತ್ತಿದೆ. ಅಷ್ಟರಲ್ಲಿ ಅವಳು ಚೆಂಡು ಹಿಡಿದು, ಒಮ್ಮೆ ನೆಲಕ್ಕೆ ಬಡಿದು, ತಿರುಗಿದ್ದಳು.

ಅವಳು ಎಸೆದಳು. ಚೆಂಡು ಗಾಳಿಯಲ್ಲಿರುವಾಗ ಸಮಯ ಮುಗಿದ ಗಂಟೆ ಬಾರಿಸಿತು. ಗಂಟೆಗೆ ಮೊದಲೇ ಕೈಬಿಟ್ಟ ಚೆಂಡು ಬುಟ್ಟಿಗೆ ಬಿದ್ದರೆ ಅಂಕ ಸಲ್ಲುತ್ತದೆ. ಚೆಂಡು ಬುಟ್ಟಿಯೊಳಗೆ ಬಿತ್ತು. ಮೂರು ಅಂಕ. ನಾವು ಒಂದು ಅಂಕದಿಂದ ಗೆದ್ದಿದ್ದೆವು. ಕ್ರೀಡಾಂಗಣ ಎದ್ದು ನಿಂತು ಕೂಗಿತು, ತಂಡದವರು ಅವಳ ಮೇಲೆ ಬಿದ್ದರು.

ಎದುರು ತಂಡದ ಕೋಚ್, ತಲೆಗೂದಲು ನರೆತ ಹೆಂಗಸು, ಕೂಗಾಡಲಿಲ್ಲ. ನೇರ ನಮ್ಮ ಮೇಜಿಗೆ ಬಂದು ಗಡಿಯಾರವನ್ನು ತೋರಿಸಿದರು, ನಂತರ ನನ್ನನ್ನು. ಗಡಿಯಾರ ತಡವಾಗಿ ಓಡಿತು ಎಂದು ರೆಫರಿಗೆ ಹೇಳಿದರು. ಮುಖ್ಯ ರೆಫರಿ ಬೇರೊಂದು ದೇಶದವರು. ಆಟಗಾರ್ತಿ ಮುಟ್ಟಿದ ಕ್ಷಣಕ್ಕೇ ಓಡಿಸಿದಿರಾ ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು.

ಸುತ್ತ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಷ್ಟು ವರ್ಷದಲ್ಲಿ ಮೊದಲ ಸಲ. ಅಂಗಣದ ನಡುವೆ ಅವಳು ಅಳುತ್ತಾ ನಗುತ್ತಿದ್ದಳು.

ನಾನು ಹೌದು ಎಂದೆ.

ರೆಫರಿ ತಲೆ ಆಡಿಸಿ ಹೋದರು. ಸೋತ ತಂಡದ ನಾಯಕಿ ಅಂಕಪಟ್ಟಿಯಲ್ಲಿ ತಕರಾರಿನ ಸಹಿ ಹಾಕುವ ಜಾಗದಲ್ಲಿ ಸಹಿ ಮಾಡಿದಳು. ಹಾಗೆ ಸಹಿ ಬಿದ್ದರೆ ಮೇಜಿನ ಹಿಂದೆ ಕೂತಿದ್ದ ಪ್ರತಿಯೊಬ್ಬರೂ ನಡೆದದ್ದನ್ನು ಬರೆದುಕೊಡಬೇಕು. ನಮ್ಮನ್ನು ಒಳಗಿನ ಒಂದು ಕೋಣೆಯಲ್ಲಿ ಬೇರೆ ಬೇರೆ ಕೂರಿಸಿದರು. ಹಾಳೆ ಕೊಟ್ಟರು, ಪೆನ್ನು ಕೊಟ್ಟರು, ಆರಿಹೋದ ಚಹಾ ಕೊಟ್ಟರು.

ಸಂಘಟಕರಲ್ಲಿ ಒಬ್ಬರು ಒಳಗೆ ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡರು. ನನ್ನ ಮುಖ ನೋಡಿಯೇ ಅವರಿಗೆ ತಿಳಿದಿರಬೇಕು. "ನಕ್ಕಿ ಆಠವತ್ ನಾಹೀ, ಅಸಂ ಲಿಹಾ ಮ್ಯಾಡಮ್," ಎಂದು ಮೆಲ್ಲಗೆ ಮರಾಠಿಯಲ್ಲಿ ಹೇಳಿದರು. ಸರಿಯಾಗಿ ನೆನಪಿಲ್ಲ ಎಂದು ಬರೆಯಿರಿ, ಅಷ್ಟೇ. ಸುಳ್ಳು ಬರೆಯಿರಿ ಎನ್ನಲಿಲ್ಲ. ಕೆಟ್ಟ ಮನುಷ್ಯನೂ ಅಲ್ಲ, ನನ್ನಂತೆಯೇ ಐದು ದಿನದಿಂದ ನಿದ್ದೆಗೆಟ್ಟವರು.

ಅವರು ಹೋದ ಮೇಲೆ ಹಾಳೆ ಹತ್ತಿರ ಎಳೆದುಕೊಂಡೆ. ಧೈರ್ಯ ಬಂದು ಬರೆದೆ ಎಂದು ಹೇಳಿದರೆ ತಪ್ಪಾಗುತ್ತದೆ. ಒಂದು ಸುಳ್ಳನ್ನು ಹಿಡಿದುಕೊಂಡು ಮತ್ತಷ್ಟು ಪ್ರಶ್ನೆಗಳಿಗೆ ಉತ್ತರ ಕೊಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ನಾನು ಗುಂಡಿ ಒತ್ತಿದ್ದು ತಡವಾಯಿತು, ಸುಮಾರು ಅರ್ಧ ಸೆಕೆಂಡು, ಅಂಗಣದಲ್ಲಿ ಕೇಳಿದಾಗ ನಾನು ಹೇಳಿದ್ದು ಸರಿಯಲ್ಲ ಎಂದು ನಾಲ್ಕು ಸಾಲು ಬರೆದು ಕೊಟ್ಟೆ.

ತೀರ್ಪುಗಾರರ ಸಮಿತಿ ಮುಕ್ಕಾಲು ಗಂಟೆ ಕೂತಿತು. ವಿಡಿಯೋದಲ್ಲಿ ಆಟ ಕಾಣುತ್ತಿತ್ತು, ಗಡಿಯಾರ ಕಾಣುತ್ತಿರಲಿಲ್ಲ. ಅಂಗಣದಲ್ಲಿ ರೆಫರಿ ಕೇಳಿದಾಗ ಗಡಿಯಾರದವರು ಹೌದು ಎಂದಿದ್ದಾರೆ, ಅದರ ಆಧಾರದ ಮೇಲೆ ರೆಫರಿ ನಿರ್ಧಾರ ಕೊಟ್ಟಾಗಿದೆ, ನಂತರ ಬರೆದ ಮಾತಿನಿಂದ ಅದನ್ನು ಬದಲಿಸಲಾಗದು ಎಂದರು. ಗೆಲುವು ನಮ್ಮದಾಗಿಯೇ ಉಳಿಯಿತು. ನನ್ನ ಸುಳ್ಳು ಕೆಲಸ ಮಾಡಿತು, ನನ್ನ ನಿಜ ಮಾಡಲಿಲ್ಲ.

ಬಹುಮಾನ ಕೊಡುವಾಗ ಸೋತ ತಂಡ ಬರಲಿಲ್ಲ. ವೇದಿಕೆಯ ಎಡಭಾಗ ಖಾಲಿಯಿತ್ತು, ತಟ್ಟೆಯಲ್ಲಿ ಪದಕಗಳು ಹಾಗೇ ಇದ್ದವು. ಅವರ ಕೋಚ್ ಬಾಗಿಲ ಬಳಿ ನನಗೆ ಎದುರಾದರು. ನಾನು ಬರೆದದ್ದು ಅವರಿಗೆ ತಿಳಿದಿತ್ತು. ನಿಂತು, ನಿಧಾನದ ಇಂಗ್ಲಿಷಿನಲ್ಲಿ, ಬರೆದಿದ್ದಕ್ಕೆ ಧನ್ಯವಾದ ಎಂದರು. ಆಮೇಲೆ, "ಆದರೆ ಅಲ್ಲೇ ಹೇಳಬೇಕಿತ್ತು," ಎಂದರು. ಸಿಟ್ಟಿರಲಿಲ್ಲ. ಅವರೂ ದಣಿದಿದ್ದರು.

ಮರುದಿನ ಪತ್ರಿಕೆಯಲ್ಲಿ ಅವಳ ಚಿತ್ರ ಬಂತು, ಕೆಳಗೆ ಗಡಿಯಾರದ ವಿಷಯವೂ ಬಂತು. ಮನೆಯವರು ಪತ್ರಿಕೆ ಮಡಿಸಿಟ್ಟು, ಆಗಿದ್ದು ಆಗಿಹೋತು, ಮೊದಲು ನಿದ್ದಿ ಮಾಡು ಎಂದರು. ನಿದ್ದೆ ಬರಲಿಲ್ಲ. ಬೇಕೆಂದೇ ತಡ ಮಾಡಿದೆನೆ ಎಂದು ನನ್ನನ್ನೇ ಕೇಳಿಕೊಂಡೆ. ಇಲ್ಲ ಎಂದೇ ಉತ್ತರ ಬರುತ್ತಿತ್ತು. ಆದರೆ ಕೇಳುವುದು ನಿಲ್ಲುತ್ತಿರಲಿಲ್ಲ.

ಮುಂದಿನ ಭಾನುವಾರ ಅವಳು ಮನೆಗೆ ಬಂದಳು. ಪದಕ ತಂದಿರಲಿಲ್ಲ. ನೀರು ಕೊಟ್ಟೆ, ಕುಡಿಯಲಿಲ್ಲ. ನಾನೇ ಎಲ್ಲ ಹೇಳಿದೆ: ಕಾಲು ನೋಡಿದ್ದು, ತಡವಾದದ್ದು, ಹೌದು ಎಂದದ್ದು. ಅವಳು ತಲೆ ಬಗ್ಗಿಸಿ ಕೇಳಿದಳು.

"ನೀವು ಬರೀಬಾರದಿತ್ತು ಅಂತ ನಾ ಅನ್ನಂಗಿಲ್ರಿ ಬಾಯಾರ," ಎಂದಳು ಕೊನೆಗೆ. "ಆದ್ರ ನಾ ಒಗದಿದ್ದು ಸುಳ್ಳಲ್ರಿ. ಬೋರ್ಡಿನ ಮ್ಯಾಲ ಎಷ್ಟು ಟೈಮ್ ಕಂಡಿತ್ತೋ ಅಷ್ಟರಾಗ ಒಗದೀನಿ. ಈಗ ಎಲ್ಲಾರೂ ನನ್ನ ಕೇಳಾಕತ್ಯಾರ. ನಿಮ್ಮನ್ನ ಯಾರೂ ಕೇಳವಲ್ರು."

"ತಪ್ಪು ನಂದವ್ವ," ಎಂದೆ. "ನಿಂದೇನೂ ಇಲ್ಲ."

"ಅದು ನಮಗಿಬ್ಬರಿಗೂ ಗೊತ್ತದರಿ," ಎಂದು ಎದ್ದಳು. ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು, ಎಂದಿನಂತೆ. ಅದು ಇನ್ನೂ ಭಾರವಾಯಿತು.

ಆ ಸರ್ಕಾರಿ ಕೆಲಸ ಅವಳಿಗೆ ಸಿಗಲಿಲ್ಲ. ಸಂದರ್ಶನದಲ್ಲಿ ಆ ಪಂದ್ಯದ ಬಗ್ಗೆಯೇ ಕೇಳಿದರಂತೆ. ಅದೇ ಕಾರಣವೋ ಅಲ್ಲವೋ ಯಾರೂ ಹೇಳಲಾರರು. ನಾನು ಮೇಜಿನ ಕೆಲಸ ಬಿಡುತ್ತೇನೆಂದು ಪತ್ರ ಬರೆದೆ. ಉತ್ತರ ಬರಲಿಲ್ಲ, ಆ ಹೊತ್ತಿಗಾಗಲೇ ಸಂಘಟಕರು ನನ್ನನ್ನು ಕರೆಯುವುದು ನಿಲ್ಲಿಸಿದ್ದರು. ಶಾಲೆಯಲ್ಲಿ ಮಾತ್ರ ಮುಂದುವರಿದೆ. ಅವಳ ಸುದ್ದಿ ಆಗೀಗ ಕಿವಿಗೆ ಬೀಳುತ್ತಿತ್ತು: ಎರಡು ವರ್ಷ ಆಡಿದಳು, ಮಂಡಿ ತಿರುಚಿತು, ಬಿಟ್ಟಳು, ತಳೇಗಾಂವ ದಾಭಾಡೆಯ ಕಾರ್ಖಾನೆಗಳ ಹತ್ತಿರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದಾಳೆ.

ಕಳೆದ ವರ್ಷ ಪುಣೆ ಜಿಲ್ಲೆಯ ಶಿರೂರಿನಲ್ಲಿ ಶಾಲೆಗಳ ಪಂದ್ಯ ಇತ್ತು. ಅವಳು ತನ್ನ ಹುಡುಗಿಯರನ್ನು ಕರೆತಂದಿದ್ದಳು, ನಾನು ನನ್ನವರನ್ನು. ದೂರದಿಂದ ನೋಡಿ ತಾನೇ ಬಂದಳು, ಆರಾಮ ಇದ್ದೀರೇನ್ರಿ ಎಂದು ಕೇಳಿ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಳು. ಅಪ್ಪನ ಬೆನ್ನುನೋವು, ತಮ್ಮನ ಮದುವೆ, ಶಾಲೆಯಲ್ಲಿ ಅಂಗಣಕ್ಕೆ ನೆರಳಿಲ್ಲದ್ದು, ಇಂಥವನ್ನೇ ಮಾತಾಡಿದೆವು. ನಿನ್ನ ಶಾಲೆಯ ಮಕ್ಕಳು ಆ ಫೈನಲ್ ಬಗ್ಗೆ ಕೇಳುತ್ತಾರೇನು ಎಂದು ನಾನೇ ಕೇಳಿಬಿಟ್ಟೆ.

"ಕೇಳ್ತಾರ್ರಿ. ಗೆದ್ದಿವಿ ಅಂತ ಹೇಳ್ತೀನಿ. ಕ್ಲಾಕ್ ತಡಾ ಆಗಿತ್ತು ಅಂತನೂ ಹೇಳ್ತೀನಿ. ಎರಡೂ ಹೇಳಿದ್ರ ಮುಂದ ಯಾರೂ ಏನೂ ಕೇಳಂಗಿಲ್ರಿ."

ನಗುತ್ತಾಳೇನೋ ಎಂದು ನೋಡಿದೆ. ನಗಲಿಲ್ಲ, ಮುನಿಸಿಕೊಂಡಂತೆಯೂ ಇರಲಿಲ್ಲ. ಅಷ್ಟರಲ್ಲಿ ಅವಳ ತಂಡವನ್ನು ಕರೆದರು. ನಾನೂ ಎದ್ದು ಸೀರೆಯ ಧೂಳು ಕೊಡವಿಕೊಂಡೆ; ಕೂತಿರ್ರಿ ಎಂದು ಕೈಸನ್ನೆ ಮಾಡಿ ಅವಳು ಹೋದಳು. ಆ ದಿನ ಎರಡನೆಯ ಪಂದ್ಯದಲ್ಲೇ ನನ್ನ ಹುಡುಗಿಯರು ಹೀನಾಯವಾಗಿ ಸೋತರು. ಅವರನ್ನು ಎಣಿಸಿ ಬಸ್ಸು ಹತ್ತಿಸಿದೆ, ಕಿಟಕಿಯ ಪಕ್ಕದ ಸೀಟು ಹಿಡಿದು ಮಂಡಿ ಚಾಚಿಕೊಂಡು ಕೂತೆ.